ಬಾಗಿಲಿನಾಚೆ ಇಪ್ಪತ್ತೈದು ನಿಮಿಷ

"ಪೆಟ್ಟಿಗೆ ಮೇಲೆ ಕತ್ತಿಯ ಹಿಡಿ ತಲೆ ಕಡೆಗಿರಬೇಕು ಸಿಸ್ಟರ್, ಮೊನೆ ಕಾಲಿನ ಕಡೆಗೆ. ಅದರ ಕೆಳಗೆ ನಿಲುವಂಗಿ ಹಾಸ್ತೀವಿ, ಕೆಂಪು ಶಿಲುಬೆ ಎಲ್ಲರಿಗೂ ಕಾಣೋ ಹಾಗೆ," ಎಂದು ಮೇಷ್ಟ್ರು ಎರಡನೇ ಸಲ ವಿವರಿಸಿದರು.

ಅವಳು ಆಗಲಿ ಎಂದು ತಲೆಯಾಡಿಸಿದಳು. ಗಂಡ ಸತ್ತು ಇನ್ನೂ ಒಂದು ದಿನ ತುಂಬಿರಲಿಲ್ಲ. ಊಟದ ಮೇಜನ್ನು ಗೋಡೆಗೆ ಒತ್ತರಿಸಿ, ಮುಂದಿನ ಕೋಣೆಯಲ್ಲಿ ಎರಡು ಸ್ಟೂಲುಗಳ ಮೇಲೆ ಶವಪೆಟ್ಟಿಗೆ ಇಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಮಣ್ಣು. ಮೇಷ್ಟ್ರು ನಿವೃತ್ತ ಕಾಲೇಜು ಅಧ್ಯಾಪಕರು, ಗಂಡನ ಸಂಘದ ಕಾರ್ಯದರ್ಶಿ. ಅವರ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದವನು ಅವಳ ಸ್ವಂತ ತಮ್ಮ, ಎಲೆಕ್ಟ್ರಿಷಿಯನ್. ಬಂದಾಗಿನಿಂದ ಅವನು ಅಕ್ಕನ ಮುಖ ನೋಡಿರಲಿಲ್ಲ. ದುಃಖಕ್ಕೆ ಹಾಗಾಗಿದ್ದಾನೆ ಎಂದು ಅವಳು ಅಂದುಕೊಂಡಿದ್ದಳು.

ಬೀದಿಯವರೆಲ್ಲ ಅವಳನ್ನು ಸಿಸ್ಟರ್ ಎಂದು ಕರೆಯುತ್ತಿದ್ದದ್ದು ಅವಳು ನರ್ಸ್ ಆಗಿದ್ದಕ್ಕೆ. ಇಪ್ಪತ್ತೆಂಟು ವರ್ಷದಿಂದ ಒಂದೇ ಕ್ಲಿನಿಕ್ಕು. ಅದರ ಎದುರಿಗೇ, ರಸ್ತೆಯ ಆಚೆ ಬದಿಗೆ, ಫ್ರೀಮೇಸನ್ನರೆಂಬ ಸಹೋದರ ಸಂಘದವರು ಬಾಗಿಲು ಮುಚ್ಚಿ ಸಭೆ ಸೇರುವ ಲಾಡ್ಜು. ಗಂಡ ಗಡಿಯಾರ ರಿಪೇರಿಯವನು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆನ್ನು ಬಾಗಿಸಿ ದಿನ ಕಳೆಯುವವನು ತಿಂಗಳಿಗೊಂದು ಮಧ್ಯಾಹ್ನ ಲಾಡ್ಜಿನ ಸಭೆಗೆಂದು ನೆಟ್ಟಗಾಗುತ್ತಿದ್ದ. ಬಿಳಿ ನಿಲುವಂಗಿ ಇಸ್ತ್ರಿಯಾಗಬೇಕು, ಕೈಗವಸು ಕೊಕ್ಕರೆಯಷ್ಟು ಬೆಳ್ಳಗಿರಬೇಕು. "ಕುದುರೆ ಎಲ್ಲಿ ಕಟ್ಟಿದೀರಿ ಸರದಾರರೇ?" ಎಂದು ಅವಳು ಕಾಲೆಳೆದರೆ, "ಬಾಗಿಲ ಹೊರಗೆ ಕಟ್ಟಿದೀನಿ, ಹುಲ್ಲು ಹಾಕು ಹೋಗು," ಎಂದು ನಗುತ್ತಿದ್ದ.

ಊಟದ ಹೊತ್ತಿಗೆ ಅದೇ ಪುರಾಣ. ಒಂಬೈನೂರು ವರ್ಷದ ಹಿಂದೆ ಜೆರುಸಲೇಮಿಗೆ ಹೋಗುವ ಯಾತ್ರಿಕರನ್ನು ದಾರಿಗಳ್ಳರಿಂದ ಕಾಯುವುದಕ್ಕೆ ಹುಟ್ಟಿದ, ನೈಟ್‌ಗಳೆಂಬ ಕುದುರೆ ಸವಾರ ಯೋಧರ ಪಂಥ. ಅವರ ಮುದ್ರೆಯಲ್ಲಿ ಒಂದೇ ಕುದುರೆಯ ಮೇಲೆ ಇಬ್ಬರು, ಅಷ್ಟು ಬಡವರು. ಆಮೇಲೆ ಸಿರಿ ಬಂತು, ರಾಜನ ಕಣ್ಣು ಬಿತ್ತು, ಹಿಡಿಸಿ ಸುಡಿಸಿದ. ಎಷ್ಟೋ ನೂರು ವರ್ಷ ಕಳೆದ ಮೇಲೆ ಫ್ರೀಮೇಸನ್ನರು ಆ ಹೆಸರನ್ನೂ ಆ ನಿಲುವಂಗಿಯನ್ನೂ ಮತ್ತೆ ಎತ್ತಿಕೊಂಡರು. ಲಾಡ್ಜಿಗೆ ದೇವರನ್ನು ನಂಬುವ ಯಾರು ಬೇಕಾದರೂ ಸೇರಬಹುದು, ಒಳಗಿನ ಈ ಪಂಥಕ್ಕೆ ಮಾತ್ರ ಕ್ರೈಸ್ತರೇ ಆಗಬೇಕು. "ಅವರ ವಂಶ ನಾವಲ್ಲ ಕಣೇ," ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ. "ಹೆಸರು ಮಾತ್ರ ತಗೊಂಡಿದೀವಿ. ಅದಕ್ಕೆ ತಕ್ಕ ಹಾಗೆ ಇರಬೇಕಷ್ಟೆ." ಹತ್ತೊಂಬತ್ತು ವರ್ಷ ಅವನು ಹಾಗೇ ಇದ್ದ. ಸತ್ತರೆ ಪೆಟ್ಟಿಗೆಯ ಮೇಲೆ ಕತ್ತಿ, ನಿಲುವಂಗಿ ಇಡಬೇಕೆಂದು ಚೀಟಿ ಬರೆದು ಬೈಬಲ್ಲಿನೊಳಗೆ ಇಟ್ಟಿದ್ದ.

"ಶ್ರದ್ಧಾಂಜಲಿ ನಾನೇ ಬರೆದಿದೀನಿ," ಎಂದು ಮೇಷ್ಟ್ರು ಜೇಬಿನಿಂದ ಎರಡು ಹಾಳೆ ತೆಗೆದರು. "ಚರ್ಚಲ್ಲಿ ಓದೋಕೆ ಮುಂಚೆ ನೀವೊಮ್ಮೆ ಕೇಳಬೇಕು. ಕೇಳಿದ್ರೆ ನಿಮ್ಮ ಮನಸ್ಸಿಗೂ ಒಂದು ಸಮಾಧಾನ."

ಕನ್ನಡಕ ಏರಿಸಿ ಓದತೊಡಗಿದರು. ಹುಟ್ಟು, ವೃತ್ತಿ, ಸಂಘಕ್ಕೆ ಸೇರಿದ ವರ್ಷ. ಅವಳು ಅರ್ಧ ಕಿವಿಯಿಂದ ಕೇಳುತ್ತಿದ್ದಳು. ಇಲಿ ಬಣ್ಣದ ಷರಟಿನಲ್ಲಿ ಮಲಗಿದ್ದ ಗಂಡನ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಅದನ್ನು ಸರಿ ಮಾಡಬೇಕು ಎನ್ನುವುದೇ ತಲೆಯಲ್ಲಿತ್ತು.

"ಕೊನೆಯ ದಿನ ಪಂಥಕ್ಕೆ ಸೇರಲು ಬಂದ ನೂತನ ಯಾತ್ರಿಕನೊಬ್ಬನ ಪ್ರವೇಶವಿಧಿ ನಡೆಯುತ್ತಿದ್ದಾಗ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಸಹೋದರರಿಗೆ ಎದೆನೋವು ಕಾಣಿಸಿಕೊಂಡಿತು. ಅವರು ವಿಧಿಗೆ ಭಂಗ ತರಲಿಲ್ಲ. ತೆಗೆದುಕೊಂಡ ಪ್ರತಿಜ್ಞೆಗೆ ತಕ್ಕಂತೆ ತುಟಿ ಪಿಟಕ್ಕೆನ್ನದೆ, ಮೂರು ನಲವತ್ತೈದಕ್ಕೆ ಸಭೆ ಕ್ರಮಬದ್ಧವಾಗಿ ಮುಕ್ತಾಯವಾಗುವವರೆಗೂ ತಮ್ಮ ಸ್ಥಾನ ಬಿಡಲಿಲ್ಲ. ಇಂಥ ಸಹೋದರರು ನೂರಕ್ಕೊಬ್ಬರು."

ಮೇಷ್ಟ್ರ ಕಣ್ಣಲ್ಲಿ ನೀರು. ನಿಜವಾದ ನೀರೇ. ಸಭೆಯಲ್ಲಿ ಏನೇ ನಡೆದರೂ ಗಂಟೆ ನಿಮಿಷ ಹಾಕಿ ಪುಸ್ತಕದಲ್ಲಿ ಬರೆದಿಡುವುದು ಅವರ ರೂಢಿ, ಅದರಿಂದಲೇ ಎತ್ತಿ ಬರೆದಿದ್ದರು. ತಾನು ಏನು ಓದಿದೆ ಎನ್ನುವುದು ಆ ಪುಣ್ಯಾತ್ಮನಿಗೆ ಗೊತ್ತೇ ಇರಲಿಲ್ಲ.

"ಆ ಸಾಲು ಇನ್ನೊಂದ್ಸಲ ಓದಿ," ಎಂದಳು.

ಅವರು ಇನ್ನಷ್ಟು ಭಾವದಿಂದ ಓದಿದರು.

ಅವಳ ಮೈಯೆಲ್ಲ ಉರಿದುಹೋಯಿತು. ಕ್ಲಿನಿಕ್ಕಿಗೆ ಫೋನು ಬಂದದ್ದು ಮೂರು ಐವತ್ತಕ್ಕೆ. ಎತ್ತಿದವಳು ಅವಳೇ. ಚೀಲ ಹಿಡಿದು ರಸ್ತೆ ದಾಟುವುದಕ್ಕೆ ಎರಡು ನಿಮಿಷವೂ ಹಿಡಿದಿರಲಿಲ್ಲ. ಅವನನ್ನು ಒಳಗಿನ ಕೋಣೆಯಿಂದ ಹೊರಗೆ ತಂದು ಹಜಾರದ ಸೋಫಾದ ಮೇಲೆ ಮಲಗಿಸಿದ್ದರು. ನಿಲುವಂಗಿ ಬಿಚ್ಚಿ ಮಡಚಿಟ್ಟಾಗಿತ್ತು. "ಈಗ ತಾನೇ, ಒಂದೇ ಏಟಿಗೆ ಹೋಗ್ಬಿಟ್ರು," ಎಂದಿದ್ದರು. ಅರ್ಧ ಗಂಟೆ ಎದೆ ಒತ್ತಿದ್ದಳು. ಬೆರಳುಗಳು ಆಗಲೇ ತಣ್ಣಗಾಗಿದ್ದವು. ಈಗ ತಾನೇ ಹೋದವರ ಬೆರಳು ಹಾಗಿರುವುದಿಲ್ಲ ಎಂದು ಇಪ್ಪತ್ತೆಂಟು ವರ್ಷದ ಕೈಗೆ ಗೊತ್ತಾಗಿತ್ತು. ಅವಳೇ ಆ ಮಾತನ್ನು ಒಳಗೆ ಅದುಮಿಟ್ಟಿದ್ದಳು.

"ಇಪ್ಪತ್ತೈದು ನಿಮಿಷ," ಎಂದಳು. "ಇಪ್ಪತ್ತೈದು ನಿಮಿಷ ಅವರನ್ನ ನೋಡ್ಕೊಂಡು ಕೂತಿದ್ರಾ ಎಲ್ಲರೂ?"

ಮೇಷ್ಟ್ರ ಮುಖದ ಬಣ್ಣ ಆಗ ಇಳಿಯಿತು. "ಗ್ಯಾಸ್ ಇರಬೇಕು ಅಂದ್ಕೊಂಡ್ವಿ ಸಿಸ್ಟರ್. ನೀರು ಕೊಟ್ವಿ. ಪ್ರವೇಶ ಅರ್ಧದಲ್ಲಿತ್ತು. ಸೇರ್ತಾ ಇದ್ದವರು ದೊಡ್ಡ ಮನುಷ್ಯರು, ದೂರದಿಂದ ಬಂದಿದ್ರು. ಮುಗಿಸಿಯೇ ಬಿಡೋಣ ಅಂತ..."

"ಬಾಗಿಲು ತೆಗೀಬಾರದು ಅಂತ ನಿಮ್ಮ ಪುಸ್ತಕದಲ್ಲಿ ಬರೆದಿದೆಯಾ?"

"ಹಾಗೇನಿಲ್ಲ. ಯಾರಿಗೂ ಹೊಳೀಲಿಲ್ಲ."

ಹಾಗೇನಿಲ್ಲವಂತೆ. ಬರೆದಿದ್ದರೆ ಆ ಪುಸ್ತಕವನ್ನಾದರೂ ಹರಿದು ಒಲೆಗೆ ಹಾಕಬಹುದಿತ್ತು. ಬರೆದಿರಲೇ ಇಲ್ಲ. ಡಾಕ್ಟರೇಟ್ ಮಾಡಿದವರು, ವಕೀಲರು, ಕಂಟ್ರಾಕ್ಟರುಗಳು, ಹತ್ತು ಜನ ಗಂಡಸರಿಗೆ ಎದುರುಗಡೆ ಕ್ಲಿನಿಕ್ಕಿದೆ ಎನ್ನುವುದು ಹೊಳೆಯಲಿಲ್ಲ.

"ದಾರೀಲಿ ಬಿದ್ದ ಯಾತ್ರಿಕರನ್ನ ಕಾಯೋಕೆ ಅಂತ ಹುಟ್ಟಿದ ಪಂಥ ತಾನೇ ನಿಮ್ಮದು? ಹತ್ತೊಂಬತ್ತು ವರ್ಷ ಊಟದ ಜೊತೆ ಅದನ್ನೇ ತಿಂದಿದೀನಿ ನಾನು. ನಿಮ್ಮ ಕಾಲ ಬುಡದಲ್ಲೇ ಒಬ್ಬ ಬಿದ್ದಿದ್ದ ಮೇಷ್ಟ್ರೇ. ನೀವು ನಾಟಕ ಮುಗಿಸ್ತಾ ಇದ್ರಿ."

ಅವಳು ತಮ್ಮನ ಕಡೆ ತಿರುಗಿದಳು. ಐದು ವರ್ಷದ ಹಿಂದೆ ಅವನನ್ನು ಸಂಘಕ್ಕೆ ಕರೆದುಕೊಂಡು ಹೋದವನು ಭಾವನೇ. ಬಾಗಿಲ ಹೊರಗೆ ಬರಿಗತ್ತಿ ಹಿಡಿದು ನಿಲ್ಲುವ ಕಾವಲು ಅವನ ಪಾಲಿಗೆ ಬಂದಿತ್ತು. ಒಳಗೆ ವಿಧಿ ನಡೆಯುವಾಗ ಹೊರಗಿನವರನ್ನು ಬಿಡಬಾರದು. ಒಳಗಿನವರೊಂದಿಗೆ ಏನಿದ್ದರೂ ಬಾಗಿಲ ಬಡಿತದಲ್ಲೇ ಮಾತು.

"ನೀನು ಹೊರಗಿದ್ದೆ. ಏನು ಕೇಳಿಸ್ತು?"

"ಅಕ್ಕಾ, ಈಗ ಬೇಡ."

"ಏನು ಕೇಳಿಸ್ತು ಅಂತ ಕೇಳ್ದೆ."

"ಕುರ್ಚಿ ಬಿದ್ದ ಸದ್ದಾಯ್ತು. ಬಾಗಿಲು ಬಡಿದೆ. ಒಳಗಿಂದ, ಕಾಯ್ತಾ ಇರು ಅಂತ ಬಡಿತ ಬಂತು."

"ಆಮೇಲೆ?"

"ಕಾದೆ."

"ಭಾವನ ದನಿ ಕೇಳಿಸ್ತಾ?"

ತಮ್ಮ ಗೋಡೆ ನೋಡಿದ, ನೆಲ ನೋಡಿದ. ಮೇಷ್ಟ್ರು ಬೇಡ ಎನ್ನುವಂತೆ ಕೈ ಎತ್ತಿದರು. ಅವನು ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿಯೇ ಹೇಳಿದ.

"ನಿನ್ನ ಕರೀರಿ ಅಂದ್ರು. 'ಅವಳನ್ನ ಕರೀರಿ, ಎದುರಿಗೇ ಇದಾಳೆ' ಅಂತ. ಎರಡು ಸಲ."

"ನಿನ್ನ ಜೇಬಲ್ಲಿ ಫೋನಿತ್ತಾ?"

"ಇತ್ತು."

ಅವಳು ಅವನ ಕೆನ್ನೆಗೆ ಹೊಡೆದಳು. ತಾಯಿ ತೀರಿಕೊಂಡ ಮೇಲೆ ತಲೆ ಬಾಚಿ, ಷೂ ಲೇಸು ಕಟ್ಟಿ ಶಾಲೆಗೆ ಕಳಿಸಿದ ತಮ್ಮ. ಎಂದೂ ಕೈ ಎತ್ತಿರಲಿಲ್ಲ. ಅವನು ಇನ್ನೊಂದಕ್ಕೆ ಕಾದವನಂತೆ ಅಲ್ಲೇ ನಿಂತ. ಇನ್ನೊಂದು ಹೊಡೆದರೂ ತಣಿಯುವ ಸಿಟ್ಟಲ್ಲ ಅದು ಎಂದು ಅವಳಿಗೆ ಗೊತ್ತಾಯಿತು.

"ನಾವು ಹೋಗ್ತೀವಿ ಸಿಸ್ಟರ್," ಎಂದು ಮೇಷ್ಟ್ರು ಮೆಲ್ಲನೆ ಮೇಜಿನ ಮೇಲಿದ್ದ ಕತ್ತಿಯ ಕಡೆ ಕೈ ಚಾಚಿದರು. "ನಿಮಗೆ ಬೇಡ ಅಂದ್ರೆ ಏನೂ ಬೇಡ."

ಸುಲಭವಾಯಿತಲ್ಲ ಇವರಿಗೆ, ಎನಿಸಿತು ಅವಳಿಗೆ. ಗಂಟು ಕಟ್ಟಿಕೊಂಡು ಹೋಗಿಬಿಡುತ್ತಾರೆ. ಚರ್ಚಿಗೆ ಬಂದವರು ಯಾಕೆ ಕತ್ತಿ ಇಲ್ಲ ಎಂದು ಕೇಳಿದರೆ, ಪಾಪ, ಹೆಂಡತಿಗೆ ತಲೆ ಕೆಟ್ಟಿತ್ತು ಎನ್ನುತ್ತಾರೆ. ಆ ಬಿಳಿ ಬಟ್ಟೆಗಾಗಿ ಆಸೆಪಟ್ಟು ಚೀಟಿ ಬರೆದಿಟ್ಟವನು ಬರಿಯ ಪೆಟ್ಟಿಗೆಯಲ್ಲಿ ಹೋಗುತ್ತಾನೆ. ನಷ್ಟ ಮತ್ತೆ ಅವನಿಗೇ.

"ಎಲ್ಲಾ ಅಲ್ಲೇ ಇರ್ಲಿ. ಅವರು ಆಸೆಪಟ್ಟಿದ್ದು ಅವರಿಗೆ ಸಿಗಬೇಕು. ಪೆನ್ನು ತೆಗೀರಿ ನೀವು. 'ತುಟಿ ಪಿಟಕ್ಕೆನ್ನದೆ' ಅಂತ ಇದೆಯಲ್ಲ, ಅದನ್ನ ಹೊಡೆದುಹಾಕಿ. ನಾನು ಹೇಳಿದ್ದು ಬರ್ಕೊಳ್ಳಿ. 'ಹೆಂಡತಿಯನ್ನು ಕರೆಯಿರಿ ಎಂದು ಎರಡು ಸಲ ಕೇಳಿದರು. ನಾವು ಕರೆಯಲಿಲ್ಲ.' ಬರೆದ್ರಾ?"

ಮೇಷ್ಟ್ರು ಆ ಮಾತನ್ನು ಹೊಡೆದುಹಾಕಿದರು. ಬರೆದರು.

"ಚರ್ಚಲ್ಲಿ ಇದನ್ನ ಓದಿ. ಓದಿದ ಮೇಲೆ ಕತ್ತಿ ಇಡಿ. ಸುಳ್ಳಿನ ಮೇಲೆ ಅವರನ್ನ ಮಲಗಿಸೋಕೆ ನಾನು ಬಿಡಲ್ಲ."

ಚರ್ಚು ತುಂಬಿತ್ತು. ಅವನು ಗಡಿಯಾರ ರಿಪೇರಿ ಮಾಡಿಕೊಟ್ಟ ಮನೆಗಳವರೆಲ್ಲ ಬಂದಿದ್ದರು. ಬಲಗಡೆ ಮುಂದಿನ ಎರಡು ಸಾಲಿನಲ್ಲಿ ಬಿಳಿ ನಿಲುವಂಗಿಯವರು ಕೂತಿದ್ದರು. ಎಡಗಡೆಯ ಮೊದಲ ಬೆಂಚಿನಲ್ಲಿ ಅವಳೊಬ್ಬಳೇ. ಪಕ್ಕದಲ್ಲಿ ಯಾರೂ ಕೂರದ ಹಾಗೆ ತನ್ನ ಕೈಚೀಲ ಇಟ್ಟುಕೊಂಡಿದ್ದಳು. ಮೇಷ್ಟ್ರು ಎದ್ದು ಓದಿದರು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಎಂಬಲ್ಲಿಗೆ ಬಂದು ನಿಂತರು. ಹಾಳೆ ತಿರುವಿ, "ಇಂಥ ಸಹೋದರರು ನೂರಕ್ಕೊಬ್ಬರು," ಎಂದರು.

ಅವಳು ಎದ್ದು ನಿಂತಳು. "ಒಂದು ಸಾಲು ಬಿಟ್ಟಿರಿ ಮೇಷ್ಟ್ರೇ."

ಬೆಂಚುಗಳು ಕಿರುಗುಟ್ಟಿದವು. ಪಾದ್ರಿ ತಲೆ ಎತ್ತಿದರು. ಮೇಷ್ಟ್ರು ಸಂಘದ ಸಹೋದರರ ಕಡೆ ನೋಡಿದರು. ಅಲ್ಲಿ ಒಬ್ಬೊಬ್ಬರೂ ತಮ್ಮ ಕೈಗವಸು ನೋಡಿಕೊಳ್ಳುತ್ತಿದ್ದರು. ಅವಳು ಕೂರಲಿಲ್ಲ. ಬೇಕಾದರೆ ಕತ್ತಲಾಗುವವರೆಗೆ ನಿಲ್ಲುತ್ತೇನೆ, ಹೂಳಲು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಿದ್ದಳು.

ಬಿಳಿ ನಿಲುವಂಗಿಯವರ ಸಾಲಿನ ತುದಿಯಿಂದ ತಮ್ಮ ಎದ್ದು ಬಂದ. ನಿಲುವಂಗಿ ಅವನಿಗೆ ಉದ್ದವಾಗಿತ್ತು, ಮೆಟ್ಟಿಲಲ್ಲಿ ಎಡವಿದ. ಮೇಷ್ಟ್ರ ಕೈಯಿಂದ ಹಾಳೆ ತೆಗೆದುಕೊಂಡು, ಓದಲು ಬಾರದ ಮಗುವಿನಂತೆ ಒಂದೊಂದೇ ಪದ ಓದಿದ. "ಹೆಂಡತಿಯನ್ನು ಕರೆಯಿರಿ ಎಂದು ಎರಡು ಸಲ ಕೇಳಿದರು. ನಾವು ಕರೆಯಲಿಲ್ಲ." ಆಮೇಲೆ ಹಾಳೆ ಕೆಳಗಿಳಿಸಿ, "ಬಾಗಿಲಲ್ಲಿ ನಿಂತಿದ್ದವನು ನಾನು. ನನಗೆ ಕೇಳಿಸಿತ್ತು," ಎಂದ.

ಮೇಷ್ಟ್ರು ನಿಲುವಂಗಿ ಹಾಸಿ, ಕತ್ತಿ ಇಟ್ಟು, ತಲೆ ತಗ್ಗಿಸಿ ಸಾಲಿಗೆ ಹಿಂತಿರುಗಿ ಹೋದರು. ತಮ್ಮ ಹೋಗಲಿಲ್ಲ. ಆ ಸಾಲಿಗೂ ಈ ಸಾಲಿಗೂ ಮಧ್ಯೆ, ಪೆಟ್ಟಿಗೆಯ ಹತ್ತಿರ, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ.

ಅವಳು ಕೂತಳು. ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ತಮ್ಮನ ಮುಖ ನೋಡಲಿಲ್ಲ. ಬೆಂಚಿನ ಮೇಲಿದ್ದ ಕೈಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.