ಕೆಟ್ಟ ಲಿಫ್ಟಿನ ಕೃಪೆ

ಊರಿನ ನವೋದ್ಯಮ ಕೇಂದ್ರವನ್ನು ನಡೆಸುವ ಮೇಡಂಗೆ ಜನ ಇಟ್ಟ ಅಡ್ಡಹೆಸರು 'ಜೊತೆಗೂಡಿ'. ಬಾಯಿ ಬಿಟ್ಟರೆ ಅದೇ ಮಾತು. ಹಳೇ ನೂಲಿನ ಗಿರಣಿಯ ನಾಲ್ಕನೇ ಮಹಡಿಯಲ್ಲಿ ಹೊಸ ಉದ್ಯಮಿಗಳಿಗೆ ಮೇಜು, ಕರೆಂಟು, ಸಲಹೆ ಕೊಟ್ಟು ಒಬ್ಬರಿಗೊಬ್ಬರನ್ನು ಗಂಟುಹಾಕುವುದು ಅವಳ ಕೆಲಸ. ಅದಕ್ಕೆಂದೇ ಪ್ರತಿ ಗುರುವಾರ ಸಮಾವೇಶ. ಎಲ್ಲರ ಎದೆಗೊಂದು ಹೆಸರಿನ ಚೀಟಿ, ಕೈಗೊಂದು ಬಿಸ್ಕತ್ತು. ಅವರು ಬಿಸ್ಕತ್ತು ತಿಂದು, ಚೀಟಿ ಕಿತ್ತು, ಮೊಬೈಲು ನೋಡುತ್ತ ಎದ್ದುಹೋಗುತ್ತಿದ್ದರು.

ಆದರೂ ಜೋಡಿಗಳು ಕುದುರುತ್ತಲೇ ಇದ್ದವು. ಹಳೇ ಟೈರು ಪುಡಿಮಾಡುವವನೂ ಚಪ್ಪಲಿ ಮಾಡುವವನೂ ಸೇರಿ ಹೊಸ ಬಗೆಯ ಅಟ್ಟೆ ತಯಾರಿಸಿದರು. ಹಾಲಿನ ವ್ಯಾನುಗಳಿಗೆ ಆ್ಯಪ್ ಮಾಡಿದವನು, ಬೀಜ ಒಣಗಿಸುವವಳ ಮಾಲನ್ನು ಖಾಲಿ ವ್ಯಾನುಗಳಲ್ಲಿ ಸಾಗಿಸಿಕೊಟ್ಟ. ಇದೆಲ್ಲ ಗುರುವಾರದ ಮಹಿಮೆ ಎಂದು ಮೇಡಂ ವರದಿ ಬರೆದಳು. ನಂಬಿಯೇ ಬರೆದಳು, ಪಾಪ.

ಅಷ್ಟರಲ್ಲಿ ಪ್ರಧಾನ ಕಚೇರಿಯಿಂದ ಫೋನು. ಮುಂದಿನ ತಿಂಗಳು ಪರಿಶೀಲನಾಧಿಕಾರಿ ಬರುತ್ತಾರೆ. ಉದ್ಯಮಿಗಳ ನಡುವೆ ಸಹಕಾರ ಕಾಣದಿದ್ದರೆ ಕೇಂದ್ರಕ್ಕೆ ಬೀಗ. ಮೇಡಂ ಟೊಂಕ ಕಟ್ಟಿ ನಿಂತಳು. ಗೋಡೆಗೆ ಬಣ್ಣ ಹೊಡೆಸಿದಳು, ಹೂಕುಂಡ ತರಿಸಿದಳು, ವರ್ಷಗಟ್ಟಲೆ ಕೆಟ್ಟು ನಿಂತಿದ್ದ ಲಿಫ್ಟನ್ನೂ ರಿಪೇರಿ ಮಾಡಿಸಿದಳು.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಎಲ್ಲರೂ ಬರ್ರನೆ ಮೇಲೆ ಬರುವುದು, ಮೇಜಿನ ಮುಂದೆ ಕೂರುವುದು, ಬರ್ರನೆ ಇಳಿಯುವುದು. ಅಟ್ಟೆಯ ಜೋಡಿ ಮಾತು ಬಿಟ್ಟಿತು. ಜಗಳವೇನಿಲ್ಲ, ಎದುರುಬದುರು ಸಿಗಲೇ ಇಲ್ಲವಂತೆ. ಮೇಡಂ ಗುರುವಾರದ ಜೊತೆಗೆ ಸೋಮವಾರವನ್ನೂ ಸೇರಿಸಿದಳು. ಬಿಸ್ಕತ್ತು ಮಾತ್ರ ಖಾಲಿಯಾಯಿತು.

ಹಿಂದೆಲ್ಲ ಮೆಟ್ಟಿಲು ಹತ್ತಿ ಊಟ ತರುತ್ತಿದ್ದ ಮೇಡಂನ ಅತ್ತೆ, ಅಧಿಕಾರಿ ಬರುವ ಹಿಂದಿನ ದಿನ ಬಹಳ ದಿನಗಳ ಮೇಲೆ ಡಬ್ಬಿ ತಂದರು. ಲಿಫ್ಟಿನಿಂದ ಹೊರಬಂದು ಸುತ್ತ ನೋಡಿ ಮುಖ ಸಪ್ಪೆ ಮಾಡಿಕೊಂಡರು.

"ಏನಮ್ಮಾ, ಈಗ ಯಾರೂ ನಿನ್ನ ಬೈಯೋದೇ ಇಲ್ವಾ?"

"ಯಾಕೆ ಬೈಬೇಕು ಅತ್ತೆ?"

"ಲಿಫ್ಟ್ ಕೆಟ್ಟಿದ್ದಾಗ ಎಲ್ರೂ ಮೆಟ್ಟಿಲು ಹತ್ತಿ, ಮೂರನೇ ಮಹಡಿ ಬೆಂಚಲ್ಲಿ ಏದುಸಿರು ಬಿಡ್ತಾ ಕೂತ್ಕೊಂಡು ಎಷ್ಟು ಚೆನ್ನಾಗಿ ಬೈತಿದ್ರು! 'ಲಿಫ್ಟ್ ಮಾಡ್ಸೋ ಯೋಗ್ಯತೆ ಇಲ್ಲ, ಜೊತೆಗೂಡಿ ಅಂತೆ' ಅಂತ. ಆಮೇಲೆ ಅವರವರ ಕಷ್ಟಸುಖ ಶುರು. ಆ ಅಟ್ಟೆ ಮಾತು ಹುಟ್ಟಿದ್ದೇ ನನ್ನ ಕಣ್ಮುಂದೆ. ನೀನು ಬಂದ್ರೆ ಮಾತ್ರ ಎಲ್ರೂ ಗಪ್‌ಚುಪ್. ನಾನೂ ಬೈಯೋಕೆ ಸೇರ್ಕೋತಿದ್ದೆ ಅನ್ನು."

ಮೇಡಂಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಅವಳ ಇಷ್ಟು ವರ್ಷದ ಗುರುವಾರಗಳನ್ನು ಒಂದು ಮುರುಕು ಬೆಂಚು ಸೋಲಿಸಿತ್ತು.

ಮರುದಿನ ಎಲ್ಲರಿಗಿಂತ ಮೊದಲು ಬಂದು ಲಿಫ್ಟಿನ ಸ್ವಿಚ್ಚು ಆರಿಸಿದಳು. 'ಕೆಟ್ಟಿದೆ' ಎಂಬ ಹಳೇ ಬೋರ್ಡನ್ನು ಒರೆಸಿ ತೂಗುಹಾಕಿದಳು.

ಅಧಿಕಾರಿ ದಢೂತಿ ಆಸಾಮಿ. ಮೂರನೇ ಮಹಡಿಗೆ ಬರುವಷ್ಟರಲ್ಲಿ ಬೆಂಚಿನ ಮೇಲೆ ಮೂಟೆಯಂತೆ ಕುಸಿದರು. ಆಗಲೇ ಅರ್ಧ ಕೇಂದ್ರ ಅಲ್ಲಿ ಕೂತು ಮೇಡಂ ಜಾತಕ ಜಾಲಾಡುತ್ತಿತ್ತು. ಅಧಿಕಾರಿಯೂ ದನಿಗೂಡಿಸಿದರು. ಬೈಗುಳ ಮುಗಿದು ಮಂಡಿನೋವಿನ ಮಾತು ಬಂತು. ಚಪ್ಪಲಿಯವನು ಅವರ ಪಾದ ನೋಡಿ ಚೀಲದಿಂದ ಒಂದು ಜೋಡಿ ತೆಗೆದ. ಅಟ್ಟೆ ಇನ್ನಷ್ಟು ಮೆತ್ತಗಿರಬೇಕಿತ್ತೆಂದು ಟೈರಿನವನು ಜಗಳಕ್ಕೇ ನಿಂತ. ಮೇಲಿನ ಮೆಟ್ಟಿಲಲ್ಲಿ ಅಡಗಿ ಕೇಳುತ್ತಿದ್ದ ಮೇಡಂಗೆ ಆ ಬೈಗುಳ ಬಹಳ ಹಿತವಾಗಿತ್ತು.

"ಸಹಕಾರ ಅಂದ್ರೆ ಇದು ಕಣ್ರೀ," ಎನ್ನುತ್ತ ಅಧಿಕಾರಿ ಬೂಟು ಕೈಯಲ್ಲಿ ಹಿಡಿದು, ಹೊಸ ಚಪ್ಪಲಿಯಲ್ಲಿ ಮೇಲೆ ಬಂದರು. "ಕೇಂದ್ರ ಉಳಿಯುತ್ತೆ. ಬಹುಮಾನ ಅಂತ ಎರಡು ಹೊಸ ಲಿಫ್ಟ್ ಮಂಜೂರು ಮಾಡಿಸ್ತೀನಿ. ಇನ್ಮೇಲೆ ಯಾರೂ ಈ ಹಾಳು ಮೆಟ್ಟಿಲು ಹತ್ತಬಾರದು."

ಮೇಡಂ ಥ್ಯಾಂಕ್ಸ್ ಹೇಳಿದಳು. ಬೇರೇನು ಹೇಳಿಯಾಳು?

ಅವರ ಕಾರು ಹೊರಟ ಮೇಲೆ ಮೂರನೇ ಮಹಡಿಗೆ ಇಳಿದಳು. ಮೊದಲ ಸಲ ಆ ಬೆಂಚಿನ ತುದಿಯಲ್ಲಿ ಕೂತು, ಸ್ವಿಚ್ಚು ಆರಿಸಿದ್ದು ತಾನೇ ಎಂಬುದನ್ನೂ ಸೇರಿಸಿ ಅಲ್ಲಿ ಕೂತಿದ್ದವರಿಗೆ ಎಲ್ಲ ಹೇಳಿದಳು. ಟೈರಿನವನು ಚಪ್ಪಲಿಯವನ ಮುಖ ನೋಡಿದ, ಬೀಜದವಳು ಆ್ಯಪಿನವನ ಮುಖ ನೋಡಿದಳು.

"ಎರಡು ಲಿಫ್ಟಾ ಮೇಡಂ?" ಎಂದ ಚಪ್ಪಲಿಯವನು. "ಸ್ವಲ್ಪ ಸರೀರಿ, ಇವರಿಗೂ ಜಾಗ ಬಿಡಿ. ಎಲ್ರೂ ಜೊತೆಗೂಡಿ ಕೆಡಿಸೋಣ."