ಹದಿಮೂರನೇ ತಿಂಗಳ ಪುಟಗಳು

ನನಗೆ ಓದಲು ಬಾರದ ಪತ್ರಿಕೆಗಳನ್ನು ನೋಡುವುದು ನನ್ನ ಉದ್ಯೋಗ. ಮಹಾಪೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಕೂತು, ಇಥಿಯೋಪಿಯದ ಅಡಿಸ್ ಅಬಾಬದ ಒಂದು ಗ್ರಂಥಾಲಯದ ಹಳೆಯ ದಿನಪತ್ರಿಕೆಗಳಿಗೆ ತಾರೀಖು ಹಾಕುತ್ತೇನೆ. ಪುಟದ ಚಿತ್ರ ಪರದೆಗೆ ಬರುತ್ತದೆ. ತಲೆಬರಹದಲ್ಲಿರುವ ತಿಂಗಳ ಹೆಸರಿನ ಆಕಾರವನ್ನು ಗೋಡೆಯ ಪಟ್ಟಿಯ ಜೊತೆ ಹೋಲಿಸುತ್ತೇನೆ. ತಿಂಗಳು, ದಿನ, ವರ್ಷ ತುಂಬುತ್ತೇನೆ. ಮುಂದೆ ಎಲ್ಲಿಂದಲೋ ಒಬ್ಬ ಸಂಶೋಧಕಿ ಆ ದಿನವನ್ನು ಹುಡುಕಿದರೆ ಪುಟ ಸಿಗಬೇಕು. ತಾರೀಖಿಲ್ಲದ ಪುಟ ಇದ್ದೂ ಇಲ್ಲ.

ಅದೇ ಪುಟವನ್ನು ಬೇರೆ ಕೋಣೆಯಲ್ಲಿ ಕೌಶಲ್ ಎಂಬವನೂ ತುಂಬುತ್ತಾನೆ. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಎರಡೂ ಹೊಂದಿದರೆ ಯಂತ್ರ ಒಪ್ಪುತ್ತದೆ. ತಿಂಗಳು ಪಟ್ಟಿಯಲ್ಲಿ ಸಿಗದೆ ಇಬ್ಬರೂ ‘ರಿಜೆಕ್ಟ್’ ಒತ್ತಿದರೆ ಪುಟ ಬೇರೆ ಫೋಲ್ಡರಿಗೆ ಹೋಗಿ, ಆ ಪುಟಗಳ ಕಂತು ಮುಗಿದು ಮೂವತ್ತು ದಿನವಾದ ಮೇಲೆ ತಾನಾಗಿ ಅಳಿಸಿಹೋಗುತ್ತದೆ. ಇಬ್ಬರು ಒಂದೇ ತಪ್ಪನ್ನು ಮಾಡಬಹುದೆಂದು ಆ ಯಂತ್ರ ಮಾಡಿದವನಿಗೆ ಹೊಳೆದಿರಲಿಲ್ಲ.

ಶನಿವಾರ ನನಗೆ ರಜೆ. ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಪಕ್ಕದ ಮನೆಯ ಮುಕ್ತಾಕಾಕು ಕೂತಿದ್ದರು. ಅಧಿಕ ಮಾಸ ನಡೆದಿತ್ತು. ಮರಾಠಿ ಮನೆಗಳಲ್ಲಿ ಅಳಿಯನಿಗೆ ಅಕ್ಕಿಹಿಟ್ಟಿನ ಸಿಹಿ, ಮೂವತ್ತಮೂರು ಅನಾರಸೆ ಕೊಡುವ ಕಾಲ. ಅಮ್ಮ ಅವರಿಗೆ ಹಿಟ್ಟು ತಟ್ಟಿಕೊಡುತ್ತಿದ್ದಳು.

“ಸುಂದರಿತಾಯಿ, ಜಾವಯಿ ಕಧೀ ಆಣತಾ?” ಎಂದು ಕಾಕು ನನ್ನನ್ನೇ ನೋಡುತ್ತ ಅಮ್ಮನನ್ನು ಕೇಳಿದರು. ನಿಮ್ಮ ಅಳಿಯ ಯಾವಾಗ ಬರುವುದು?

“ಕೇಳಿತಾ ಪೂಜಿ?” ಎಂದಳು ಅಮ್ಮ. “ನಿಂಗೆ ಹನ್ನೆರಡು ತಿಂಗಳು ಸಾಕಾಗಲಿಲ್ಲ ಅಂತ ದೇವರು ಹದಿಮೂರನೇದು ಕೊಟ್ಟಿದ್ದಾನೆ ಮಾರಾಯ್ತಿ. ಇದ್ರಲ್ಲಾದ್ರೂ ಒಂದು ಹುಡುಗನ ಫೋಟೋ ನೋಡ್ತಿಯಾ?”

ನಾನು ಚಹಾದ ಲೋಟ ಕೆಳಗಿಟ್ಟೆ. ಆ ಪತ್ರಿಕೆಗಳಲ್ಲಿ ಪ್ರತಿ ವರ್ಷದ ಕೊನೆಗೆ, ಹನ್ನೆರಡನೇ ತಿಂಗಳ ಪುಟಗಳು ಮುಗಿದ ಮೇಲೆ, ಪಟ್ಟಿಯಲ್ಲಿಲ್ಲದ ಒಂದು ಆಕಾರ ಬರುತ್ತಿತ್ತು. ಪ್ರತಿ ಸಲ ನಾನು ರಿಜೆಕ್ಟ್ ಒತ್ತಿದ್ದೆ. ಪುಟಗಳು ಆ ಫೋಲ್ಡರಿಗೆ ಹೋಗಿದ್ದವು, ಅಂದರೆ ಕೌಶಲನೂ ಒತ್ತಿದ್ದ. ಆ ಕಂತು ಮುಗಿದು ಇವತ್ತಿಗೆ ಮೂವತ್ತು ದಿನ. ಅಳಿಸುವ ಹೊತ್ತು ಮಧ್ಯಾಹ್ನ ಎರಡು ಗಂಟೆ.

ಸೂಪರ್‌ವೈಸರ್ ಅಂಬಾದಾಸರ ಫೋನು ಹತ್ತಲಿಲ್ಲ. ಹನ್ನೆರಡಕ್ಕೆ ಲೋಕಲ್ ಹಿಡಿದೆ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಮೊಬೈಲಿನಲ್ಲಿ ಹುಡುಕಿದೆ. ಇತ್ತು. ಆ ದೇಶದ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡಕ್ಕೆ ಮೂವತ್ತು ದಿನ, ಕಡೆಯದಕ್ಕೆ ಐದು, ನಾಲ್ಕು ವರ್ಷಕ್ಕೊಮ್ಮೆ ಆರು. ನಮ್ಮ ಕಂತಿನಲ್ಲಿ ಹತ್ತು ವರ್ಷ, ಅದರಲ್ಲಿ ಎರಡು ಆರು ದಿನದವು, ದಿನಕ್ಕೆ ನಾಲ್ಕು ಪುಟ. ಇನ್ನೂರ ಎಂಟು ಪುಟ. ಕಾಗದದ ಪತ್ರಿಕೆಗಳು ಇನ್ನೊಮ್ಮೆ ಬಿಚ್ಚಿದರೆ ಹುಡಿಯಾಗುತ್ತವೆಂದು ಅಲ್ಲಿನವರು ಕಟ್ಟಿಟ್ಟುಬಿಟ್ಟಿದ್ದರು. ಚಿತ್ರಗಳಿದ್ದದ್ದು ನಮ್ಮ ಸರ್ವರ್‌ನಲ್ಲಿ ಮಾತ್ರ.

ಘನ್ಸೋಲಿಯಲ್ಲಿ ಇಳಿದು ರಿಕ್ಷಾ ಹಿಡಿದು ಆಫೀಸು ಮುಟ್ಟಿದಾಗ ಒಂದೂವರೆ. ಅಂಬಾದಾಸ ಒಬ್ಬರೇ ಕೂತು ಅವಲಕ್ಕಿ ತಿನ್ನುತ್ತಿದ್ದರು. ಕಲಬುರಗಿ ಕಡೆಯವರು.

“ಏನವಾ, ಸೂಟಿ ದಿನಾನೂ ನಮ್ ಮಾರಿ ನೋಡ್ಬೇಕನಿಸ್ತೇನು?”

ಹೇಳಿದೆ. ಅವರು ಚಮಚ ಡಬ್ಬಿಯಲ್ಲೇ ಬಿಟ್ಟು ಗೋಡೆಯ ಪಟ್ಟಿ ನೋಡಿದರು.

“ಇದನ್ನ ಬರದಾಂವ ನಾನ,” ಎಂದರು ಮೆಲ್ಲಗೆ. “ಅವ್ರು ಹದಿಮೂರು ಹೆಸರು ಕಳ್ಸಿದ್ರು. ನಮ್ ಫಾರ್ಮಿನಾಗ ಹನ್ನೆರಡಕ್ಕ ಜಾಗ. ಒಂದು ತಪ್ಪಿ ಬಂದದ ಅಂತ ಕಡೀದು ತಗದೆ.”

“ಈಗ ವಾಪಸ್ ತರ್ಲಿಕ್ಕೆ ಆಗ್ತದಾ ಸರ್?”

“ಆಗ್ತದ. ರಿಜೆಕ್ಟ್ ಮಾಡಿದ ಇಬ್ರೂ ತಪ್ಪು ಒಪ್ಪಿ ಓಟಿಪಿ ಕೊಡ್ಬೇಕು. ಇಬ್ರ ಹೆಸರಿಗೂ ಇನ್ನೂರ ಎಂಟು ತಪ್ಪು ಏರ್ತಾವ. ನನ್ ತಪ್ಪು ಬರಿಯಾಕ ಇದ್ರಾಗ ಜಾಗ ಇಲ್ಲ.”

ನನ್ನ ಮೊಬೈಲಿಗೆ ಬಂದ ಅಂಕೆ ಕೊಟ್ಟೆ. ಗಂಟೆ ಒಂದು ನಲವತ್ತು. ಕೌಶಲನಿಗೆ ಫೋನು ಮಾಡಿದೆ. ಅವನು ಉಲ್ಹಾಸನಗರದ ತಂದೆಯ ಝಿಪ್ಪಿನ ಅಂಗಡಿಯಲ್ಲಿದ್ದ. ಹಿಂದೆ ಯಾರೋ ಚೌಕಾಸಿ ಮಾಡುತ್ತಿದ್ದರು. ಎಲ್ಲವನ್ನೂ ಹಿಂದಿಯಲ್ಲಿ ಒದರಿದೆ.

“ಸೋಮವಾರ್ ಕೋ ಟೀಮ್ ಲೀಡ್ ಕೀ ಲಿಸ್ಟ್ ಹೈ,” ಎಂದ. “ಪತಾ ಹೈ ನಾ?”

“ಪತಾ ಹೈ.” ತಪ್ಪು ಕಡಿಮೆ ಇದ್ದವರನ್ನು ಟೀಮ್ ಲೀಡ್ ಮಾಡುವ ಆ ಸೋಮವಾರದ ಪಟ್ಟಿಯಲ್ಲಿ ಅವನ ಹೆಸರು ಮೊದಲನೆಯದು ಎಂಬುದೂ ಗೊತ್ತಿತ್ತು.

“ಅವರ್ ಮೈ ನಾ ಬೋಲೂಂ ತೋ?”

ತಾನು ಒಲ್ಲೆ ಅಂದರೆ ಏನು ಎಂಬುದು ಅವನ ಪ್ರಶ್ನೆ. ಹತ್ತು ವರ್ಷಗಳ ಐದೈದು ದಿನ ಯಾರಿಗೂ ಸಿಗುವುದಿಲ್ಲ, ಅಷ್ಟೇ, ಎಂದೆ. ಆ ಕಡೆ ಚೌಕಾಸಿ ಮುಂದುವರಿದಿತ್ತು. ಅಂಬಾದಾಸರು ಗಡಿಯಾರ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಟೇಬಲ್ಲಿನ ಅವಲಕ್ಕಿ ಕಾಳುಗಳನ್ನು ಬೆರಳಿನಿಂದ ಒಟ್ಟುಮಾಡುತ್ತಿದ್ದರು.

“ಹರ್ ಸಾಲ್ ಪಾಂಚ್ ದಿನ್,” ಎಂದ ಕೌಶಲ್ ಕೊನೆಗೆ. “ಮೈನೇ ಗಿನಾ ಥಾ. ಕಿಸೀ ಸೇ ಪೂಛಾ ನಹೀಂ.”

ಪ್ರತಿ ವರ್ಷ ಐದು ದಿನ ಎಂದು ಎಣಿಸಿದ್ದನಂತೆ. ಯಾರನ್ನೂ ಕೇಳಿರಲಿಲ್ಲವಂತೆ.

“ಲಿಖ್,” ಎಂದು ಆರು ಅಂಕೆ ಹೇಳಿದ.

ಅಂಬಾದಾಸರು ಎರಡು ಬೆರಳಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರು. ಪರದೆ ಬಿಳಿಯಾಯಿತು. ಆಮೇಲೆ ಪುಟಗಳು ಒಂದೊಂದಾಗಿ ಬಂದು ಕೂರತೊಡಗಿದವು, ಸಣ್ಣ ಬೂದು ಚೌಕಗಳು, ಸಾಲು ಸಾಲು. ಕೆಳಗೆ ಎಣಿಕೆ ಇನ್ನೂರ ಎಂಟಕ್ಕೆ ನಿಂತಿತು. ಗಂಟೆ ಒಂದು ಐವತ್ತೊಂದು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಂಬಾದಾಸರು ಡಬ್ಬಿಯನ್ನು ನನ್ನ ಕಡೆ ಸರಿಸಿದರು.

“ತಿನ್ನವಾ. ನಾನು ಗ್ರಂಥಾಲಯಕ್ಕ ಪತ್ರ ಬರೀತೀನಿ. ಅದ್ರಾಗ ನನ್ ಹೆಸರಿಗೆ ಜಾಗ ಅದ.”

ಎದ್ದು ಹೊರಡುವ ಮುನ್ನ ಒಂದು ಪುಟವನ್ನು ದೊಡ್ಡದು ಮಾಡಿ ನೋಡಿದೆ. ಒಂದಕ್ಷರವೂ ತಿಳಿಯಲಿಲ್ಲ.

ಘನ್ಸೋಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಕೌಶಲ್ ಫೋನು ಮಾಡಿದ. ಬೈಯಲಿಕ್ಕೆ ಅಂದುಕೊಂಡೆ.

“ಸುನ್, ಆ ಐದು ದಿನ ಅವರು ಏನು ಮಾಡ್ತಾರೆ?” ಹಿಂದಿಯಲ್ಲೇ ಕೇಳಿದ.

“ಓದಲಿಕ್ಕೆ ಬರುವುದಿಲ್ಲವಲ್ಲ. ಒಂದು ಫೋಟೋ ಇತ್ತು. ಮಾರ್ಕೆಟ್ಟಿನ ಹಾಗೆ. ಹೆಂಗಸರು ಹೂವಿನ ಕಟ್ಟು ಹಿಡಿದು ನಿಂತಿದ್ದಾರೆ. ಆ ತಿಂಗಳು ಮುಗಿದ ಮರುದಿನ ಹೊಸ ವರ್ಷವಂತೆ, ಮೊಬೈಲಿನಲ್ಲಿತ್ತು.”

“ಎಷ್ಟು ಜನ?”

“ಏಳು. ಒಬ್ಬಳು ಕ್ಯಾಮೆರಾ ಕಡೆ ನೋಡ್ತಿಲ್ಲ.”

“ಯಾವ ಕಡೆ ನೋಡ್ತಿದ್ದಾಳೆ?”

ಗಾಡಿ ಬಂತು. ಕಿಟಕಿಯ ಸೀಟು ಸಿಕ್ಕಿತು. ಹೇಳುತ್ತ ಹೋದೆ.