ಚಾಚಿದ ಕೈ

ಕೊರಳಿಂದ ಇಳಿಬಿದ್ದ ಟೇಪಿನ ಹಿತ್ತಾಳೆ ತುದಿ ಎದೆಗೆ ತಣ್ಣಗೆ ತಾಗುತ್ತದೆ, ಅಪ್ಪನ ಟೇಪು, ದರ್ಜಿ ಅಪ್ಪ ತೀರಿಹೋಗಿ ಇಪ್ಪತ್ತೆರಡು ದಿನ, ಅಂಗಡಿಯ ಬಾಗಿಲು ತೆಗೆದದ್ದು ಇವತ್ತೇ, ದೇವರೇ, ಅವನ ಹೊಲಿಗೆ ಯಂತ್ರದ ಮುಂದೆ ಕೂರುವ ಶಕ್ತಿ ಕೊಡು ಎಂದು ಕೈಮುಗಿದು ಅವಳು ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು, ಮಗಳದು, ಶನಿವಾರ ಶಾಲೆಯಲ್ಲಿ ವೇದಿಕೆ ಹತ್ತಿ ಹಾಡಬೇಕು, ಅಮ್ಮಾ ಈ ಸಲನಾದ್ರೂ ಮೈಗೆ ಸರಿಯಾಗಿ ಹೊಲಿ, ಹೋದ ಸಲ ಬಟ್ಟೇನ ನಾನು ಹಾಕ್ಕೊಂಡಿದ್ನೋ, ಬಟ್ಟೇನೇ ನನ್ನನ್ನ ಹಾಕ್ಕೊಂಡಿತ್ತೋ — ಹದಿಮೂರು ತುಂಬಿದ ಬಾಯಿ, ಯಾರನ್ನೂ ಬಿಡುವುದಿಲ್ಲ — ಸೀಮೆಸುಣ್ಣ ತಾನಾಗಿ ಎರಡು ಇಂಚು ಆಚೆ ಸರಿಯುತ್ತದೆ, ಗಿರಾಕಿಗಳಿಗೆ ಕೂದಲೆಳೆಯಷ್ಟೂ ತಪ್ಪದ ಅವಳ ಕೈ ಮಗಳಿಗೆ ಹೊಲಿಯುವಾಗ ಮಾತ್ರ ಹೀಗೆ, ತನಗೂ ಹೀಗೇ ಸಡಿಲ ಹೊಲಿದು ಬೆಳೆಯೋ ಹುಡುಗಿ ಎನ್ನುತ್ತಿದ್ದ ಅಪ್ಪ, ಬೆಳೆದು ಮುಗಿದ ಮೇಲೂ ಎನ್ನುತ್ತಿದ್ದ, ಮದುವೆಯ ದಿನದ ಉಡುಪನ್ನೂ ಅವಳು ಪಿನ್ನು ಚುಚ್ಚಿಕೊಂಡೇ ತೊಟ್ಟಳು, ಊರಿನವರ ಅಳತೆಯೆಲ್ಲ ಬಲ್ಲವನಿಗೆ ತನ್ನೊಬ್ಬಳದು ಗೊತ್ತಿರಲಿಲ್ಲ, ಮೊದಲು ಗೊತ್ತಿತ್ತು, ಇದೇ ಕನ್ನಡಿಯ ಮುಂದೆ, ಎಲ್ಲಿ, ಹಕ್ಕಿ ರೆಕ್ಕೆ ಬಿಚ್ಚಲಿ, ಅವಳು ಕೈ ಚಾಚುತ್ತಿದ್ದಳು, ಕಂಕುಳಲ್ಲಿ ಕಚಗುಳಿ, ಅಲ್ಲಾಡಬೇಡ ಕಣೇ ಕೋತಿ, ಒಂದು ತೋಳು ಉದ್ದ ಒಂದು ಗಿಡ್ಡ ಆಗುತ್ತೆ, ಆಮೇಲೆ ಆ ದಿನ, ಅವಳಿಗೂ ಹದಿಮೂರು, ಟೇಪು ಬೆನ್ನು ಬಳಸಿ ಎದೆಯ ಮುಂದೆ ಬಂತು, ನಿಂತಿತು, ಅಪ್ಪ ಅದನ್ನು ಎಳೆದು ತನ್ನ ಕೊರಳಿಗೆ ಹಾಕಿಕೊಂಡ, ಇನ್ಮೇಲೆ ಅಂದಾಜಲ್ಲೇ ಹೊಲಿತೀನಿ, ಬೆನ್ನು ತಿರುಗಿಸಿ ಕೂತ, ಅವಳು ಕೈ ಚಾಚಿಯೇ ನಿಂತಿದ್ದಳು, ಇಳಿಸು ಅಂತ ಯಾರೂ ಹೇಳಲಿಲ್ಲ.

ನಾನೇನು ತಪ್ಪು ಮಾಡಿದೆ ದೇವರೇ ಎಂದು ಎಷ್ಟು ವರ್ಷ ಕೇಳಿದಳು, ಭುಜ ಕುಗ್ಗಿಸಿಕೊಂಡು ನಡೆದಳು, ಅಪ್ಪನನ್ನು ಮಾತ್ರ ಕೇಳಲಿಲ್ಲ, ಕೊನೆಯ ವಾರ ಅವನ ಮೈ ಒರೆಸುವಾಗ ಕೇಳಬಹುದಿತ್ತು, ಅವನು ಕಣ್ಣು ಮುಚ್ಚಿಕೊಂಡ, ಅವನ ಅಂಗಿಯೂ ಆಗ ನಾಲ್ಕು ಇಂಚು ಸಡಿಲ — ಅಮ್ಮಾ, ತಾತನ ಥರ ಕಣ್ಣಳತೇಲಿ ಮುಗಿಸ್ಬೇಡ, ಬಂದು ನಿಂತಿದ್ದೀನಿ ನೋಡು, ತಗೋ ಅಳತೆ — ತೆಗೆದುಕೊಳ್ಳಬೇಕು, ಹೆತ್ತವಳು, ತನಗೇಕೆ ಸಂಕೋಚ, ಟೇಪು ಕೊರಳಿಂದ ಎತ್ತಿದರಾಯಿತು, ಬೆರಳು ಹಿತ್ತಾಳೆಯ ಮೇಲಿದೆ, ಏಳುವುದಿಲ್ಲ, ಏನಮ್ಮಾ, ಎಷ್ಟೊತ್ತು, ಕೈ ನೋಯ್ತಿದೆ, ಇಳಿಸ್ಲಾ, ಕನ್ನಡಿಯಲ್ಲಿ ಹುಡುಗಿ, ಹದಿಮೂರು, ಕೈ ಚಾಚಿದ್ದಾಳೆ, ಚಾಚಿಯೇ ಇದ್ದಾಳೆ